ಜರ್ಮನಿಯಲ್ಲಿ ಮೊದಲ ಮೂರು ವಾರ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಅಕ್ಟೋಬರ್ ಬಂತೆಂದರೆ ಬೆಂಗಳೂರಿನ ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ನನ್ನ ಫೋನ್ ಹೊಡೆದುಕೊಳ್ಳಲು ಶುರುವಾಗುತ್ತದೆ. ಎಲ್ಲ ಜರ್ಮನಿಗೆ ಓದಲು ಹೋದ ನಮ್ಮ ಕಡೆಯ ಹುಡುಗ ಹುಡುಗಿಯರದ್ದು. "ಅಕ್ಕಾ, ದುಡ್ಡೆಲ್ಲಾ ಬ್ಲಾಕ್ಡ್ ಅಕೌಂಟಲ್ಲೇ ಇದೆ, ಕೈಗೆ ಬರ್ತಿಲ್ಲ." (ವರ್ಷದ ಖರ್ಚಿನ ದುಡ್ಡು ಮೊದಲೇ ಹಾಕಿಟ್ಟು, ತಿಂಗಳಿಗೆ ಇಷ್ಟು ಅಂತ ಮಾತ್ರ ಬಿಡುಗಡೆಯಾಗುವ ಖಾತೆ ಅದು.) "ಅಕ್ಕಾ, ಬ್ಯಾಂಕಿನವರು ಕಾರ್ಡ್ ಕಳಿಸಿದ್ದೀವಿ ಅಂತಾರೆ, ನನಗೆ ಬಂದೇ ಇಲ್ಲ." "ಅಕ್ಕಾ, ರೂಮೇನೋ ಸಿಕ್ತು, ಆದ್ರೆ ಓನರ್ ಸಹಿ ಹಾಕಲ್ವಂತೆ." ಊರು ಬೇರೆ, ಕಾಲೇಜು ಬೇರೆ, ತಪ್ಪು ಮಾತ್ರ ಅದೇ. ಏನು ಮಾಡಬೇಕು ಅನ್ನೋದು ಎಲ್ಲರಿಗೂ ಗೊತ್ತಿರುತ್ತದೆ. ಯಾವುದನ್ನು ಮೊದಲು ಮಾಡಬೇಕು ಅನ್ನೋದು ಗೊತ್ತಿರುವುದಿಲ್ಲ.

ಈ ಗಂಟು ನಮಗೆ ಹೊಸದೇನಲ್ಲ. ಆಧಾರ್ ಇಲ್ಲದೆ ಸಿಮ್ ಇಲ್ಲ, ಸಿಮ್ ಇಲ್ಲದೆ ಒಟಿಪಿ ಇಲ್ಲ, ಒಟಿಪಿ ಇಲ್ಲದೆ ಆಧಾರ್ ತಿದ್ದುಪಡಿ ಇಲ್ಲ ಅಂತ ನಾವೂ ಸುತ್ತಿದವರೇ. ಜರ್ಮನಿಯಲ್ಲಿ ಗಂಟಿನ ತುದಿ ಒಂದೇ ಕಡೆ ಇದೆ, ಅದು ನಿಮ್ಮ ವಿಳಾಸ. ವಿಳಾಸದಿಂದ ನೋಂದಣಿ, ನೋಂದಣಿಯಿಂದ ಬ್ಯಾಂಕ್, ಬ್ಯಾಂಕಿನಿಂದ ನಿಮ್ಮದೇ ದುಡ್ಡು. ಅದನ್ನು ಬಿಟ್ಟು ಬೇರೆ ಕಡೆಯಿಂದ ಎಳೆದರೆ ಗಂಟು ಇನ್ನೂ ಬಿಗಿಯಾಗುತ್ತದೆ.

ಪ್ರವೇಶ ಪತ್ರ, ವೀಸಾ ಎರಡೂ ಕೈಗೆ ಬಂದವರಿಗಾಗಿ ಇದನ್ನು ಬರೆದಿದ್ದೇನೆ. ವೀಸಾ ಪಡೆಯುವ ಕಥೆ ಇಲ್ಲಿ ಇಲ್ಲ.

## ಮೊದಲು ಒಂದು ಫೈಲು

ಒಂದು ಪ್ಲಾಸ್ಟಿಕ್ ಫೈಲು ತನ್ನಿ. ಅದು ನಿಮ್ಮ ಹೆಗಲ ಚೀಲದಲ್ಲಿ ಇರಬೇಕು, ಸೂಟ್‌ಕೇಸಿನಲ್ಲಿ ಅಲ್ಲ. ಸೂಟ್‌ಕೇಸ್ ಒಂದು ದಿನ ತಡವಾಗಿ ಬಂದರೂ ಪ್ರಪಂಚ ಮುಳುಗುವುದಿಲ್ಲ. ಫೈಲು ತಡವಾದರೆ ಎಲ್ಲ ನಿಂತುಹೋಗುತ್ತದೆ.

ಅದರಲ್ಲಿ ಇರಬೇಕಾದ್ದು: ಪಾಸ್‌ಪೋರ್ಟ್, ಪ್ರವೇಶ ಪತ್ರ, ಎಪಿಎಸ್ ಪ್ರಮಾಣಪತ್ರ (ನಿಮ್ಮ ಓದಿನ ದಾಖಲೆಗಳು ಅಸಲಿ ಅಂತ ಹೇಳುವ ಕಾಗದ), ಪದವಿ ಮತ್ತು ಎಲ್ಲ ಸೆಮಿಸ್ಟರಿನ ಅಂಕಪಟ್ಟಿಗಳ ಮೂಲ ಪ್ರತಿ, ಬ್ಲಾಕ್ಡ್ ಅಕೌಂಟಿನ ದೃಢೀಕರಣ, ಆರೋಗ್ಯ ವಿಮೆಯ ಪತ್ರ, ಪ್ರಯಾಣ ವಿಮೆಯ ಪತ್ರ, ಬಾಡಿಗೆ ಕರಾರು, ಜನನ ಪ್ರಮಾಣಪತ್ರ, ದಿನಾ ತಿನ್ನುವ ಮಾತ್ರೆ ಇದ್ದರೆ ಡಾಕ್ಟರ ಚೀಟಿ. ಪ್ರತಿಯೊಂದಕ್ಕೂ ಎರಡೆರಡು ಜೆರಾಕ್ಸ್. ಜೊತೆಗೆ ಸ್ಕ್ಯಾನ್ ಮಾಡಿ ನಿಮಗೆ ನೀವೇ ಇಮೇಲ್ ಮಾಡಿಟ್ಟುಕೊಳ್ಳಿ.

ಸ್ಟುಡಿಯೊದಲ್ಲಿ 35x45 ಮಿಲಿಮೀಟರ್ ಅಳತೆಯ ಫೋಟೊ ಹತ್ತು ಹೊಡೆಸಿಕೊಳ್ಳಿ. ಕಾಲೇಜಿನ ಕೆಲಸಗಳಿಗೆ ಬೇಕಾಗಬಹುದು. ವಾಸದ ಪರವಾನಗಿಗೆ ಮಾತ್ರ 2025ರಿಂದ ಡಿಜಿಟಲ್ ಫೋಟೊ ಪದ್ಧತಿ ಬಂದಿದೆ, ಅದನ್ನು ಅಲ್ಲೇ ತೆಗೆಸಬೇಕು.

## ಹಂತ 1: ಬೆಂಗಳೂರು ಬಿಡುವ ಮುಂಚೆ ಮುಗಿಸುವ ಕೆಲಸ

ಹೆಸರು ಸರಿಯಿದೆಯಾ ನೋಡಿ. ಇದು ನಮ್ಮ ಕಡೆಯವರಿಗೇ ಜಾಸ್ತಿ ಬರುವ ತೊಂದರೆ. ಅಪ್ಪನ ಹೆಸರಿನ ಮೊದಲಕ್ಷರ, ಊರಿನ ಮೊದಲಕ್ಷರ, ಆಮೇಲೆ ನಮ್ಮ ಹೆಸರು. ಕುಲನಾಮ ಅಂತ ಏನೂ ಇಲ್ಲ. ಕೆಲವರ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ, ಕೆಲವರದರಲ್ಲಿ ಇನಿಷಿಯಲ್ ಬಿಡಿಸಿ ಬರೆದಿದೆ, ಅಂಕಪಟ್ಟಿಯಲ್ಲಿ ಇನ್ನೊಂದು ಥರ. ಜರ್ಮನಿಯ ಯಾವ ಅರ್ಜಿಯಲ್ಲೂ ಕುಲನಾಮದ ಜಾಗ ಖಾಲಿ ಬಿಡಲು ಬರುವುದಿಲ್ಲ.

ಇದಕ್ಕೆ ಒಂದೇ ಉಪಾಯ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಬರೆಯಿರಿ. ವಿಮಾನದ ಟಿಕೆಟ್, ವಿಮೆ, ಬ್ಲಾಕ್ಡ್ ಅಕೌಂಟ್, ಬಾಡಿಗೆ ಕರಾರು, ಎಲ್ಲದರಲ್ಲೂ ಅದೇ ಅಕ್ಷರ, ಅದೇ ಕ್ರಮ. ಪಾಸ್‌ಪೋರ್ಟಿಗೂ ಅಂಕಪಟ್ಟಿಗೂ ಹೆಸರು ಹೊಂದದಿದ್ದರೆ "ಇಬ್ಬರೂ ಒಬ್ಬರೇ" ಅನ್ನುವ ಅಫಿಡವಿಟ್ ಅನ್ನು ನೋಟರಿ ಹತ್ತಿರ ಇಲ್ಲೇ ಮಾಡಿಸಿ ಫೈಲಿಗೆ ಹಾಕಿ. ಅಲ್ಲಿ ಹೋದ ಮೇಲೆ ಮಾಡಿಸುತ್ತೇನೆ ಅಂದರೆ ನೋಟರಿ ಖರ್ಚು ಕೇಳಿಯೇ ತಲೆ ತಿರುಗುತ್ತದೆ.

ಇಲ್ಲಿಯ ಸಿಮ್ ಸಾಯಿಸಬೇಡಿ. ಬ್ಯಾಂಕಿನ ಒಟಿಪಿ ಇದೇ ನಂಬರಿಗೆ ಬರುತ್ತದೆ. ಹೊರಡುವ ಮುಂಚೆ ಅಂತರರಾಷ್ಟ್ರೀಯ ರೋಮಿಂಗ್ ಆನ್ ಮಾಡಿಸಿ, ಕಡಿಮೆ ದುಡ್ಡಿನ ರೀಚಾರ್ಜ್ ಹಾಕಿ ಜೀವಂತ ಇಡಿ. "ಅಪ್ಪನ ಫೋನಿಗೆ ಹಾಕಿ ಬಂದಿದ್ದೀನಿ, ಒಟಿಪಿ ಕೇಳಿಸಿಕೊಳ್ತೀನಿ" ಅನ್ನುವವರಿದ್ದಾರೆ. ಒಟಿಪಿಯ ಆಯಸ್ಸು ಮೂರೋ ಐದೋ ನಿಮಿಷ. ಜರ್ಮನಿಯಲ್ಲಿ ಸಂಜೆ ಎಂಟು ಅಂದರೆ ಇಲ್ಲಿ ರಾತ್ರಿ ಹನ್ನೊಂದೂವರೆ, ಅಪ್ಪ ಮಲಗಿರುತ್ತಾರೆ.

ಸೆಮಿಸ್ಟರ್ ಶುಲ್ಕ ಕಳಿಸುವಾಗ ಎರಡು ವಿಷಯ. ನಾನು ಜರ್ಮನಿಗೆ ಓದಲು ಹೋದ ವರ್ಷ ಇಲ್ಲಿಯ ಒಂದು ಬ್ಯಾಂಕ್ ಶಾಖೆಯಿಂದ ಶುಲ್ಕ ಕಳಿಸಿದ್ದೆ. ಪೂರ್ತಿ ಕಳಿಸಿದ್ದೆ ಅಂದುಕೊಂಡಿದ್ದೆ. ನಡುವಿನ ಬ್ಯಾಂಕು ತನ್ನ ಪಾಲು ಮುರಿದುಕೊಂಡು, ಕಾಲೇಜಿಗೆ ಹದಿನೆಂಟು ಯೂರೊ ಕಡಿಮೆ ಮುಟ್ಟಿತು. ಅಷ್ಟಕ್ಕೇ ನನ್ನ ದಾಖಲಾತಿ ಎರಡು ವಾರ ನಿಂತಿತು. ಅದಕ್ಕೆ, ವಿದೇಶಕ್ಕೆ ಹಣ ಕಳಿಸುವ ಅರ್ಜಿಯಲ್ಲಿ "ಎಲ್ಲ ಖರ್ಚೂ ಕಳಿಸುವವರದ್ದು" ಅನ್ನುವ ಆಯ್ಕೆಗೆ ಗುರುತು ಹಾಕಿ. ಎರಡನೆಯದು, "ಪಾವತಿಯ ಉದ್ದೇಶ" ಅನ್ನುವ ಸಾಲಿನಲ್ಲಿ ಕಾಲೇಜು ಕೊಟ್ಟ ನಂಬರು ಬರೆಯಲೇಬೇಕು. ಬರೆಯದಿದ್ದರೆ ದುಡ್ಡು ಹೋಗಿರುತ್ತದೆ, ಯಾರದ್ದು ಅಂತ ಅವರಿಗೆ ಗೊತ್ತಾಗುವುದಿಲ್ಲ.

ಮನೆ ಹುಡುಕುವಾಗ ಒಂದೇ ಪ್ರಶ್ನೆ ಮೊದಲು ಕೇಳಿ: "ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ?" ಆನ್‌ಮೆಲ್ಡುಂಗ್ ಅಂದರೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ. ಆಗದು ಅಂದರೆ ಆ ಮನೆ ಎಷ್ಟೇ ಸೋವಿಯಾಗಿದ್ದರೂ ಅದು ಬರೀ ಹಾಸಿಗೆ, ವಿಳಾಸವಲ್ಲ. ಹೋಟೆಲು, ಹಾಸ್ಟೆಲು, ಗೆಳೆಯನ ಸೋಫಾ, ಇವುಗಳಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ.

ಜಾಹೀರಾತಿನ ಬಾಡಿಗೆಯಲ್ಲಿ ಎರಡು ಮಾತು ಬರುತ್ತವೆ. ಕಾಲ್ಟ್‌ಮೀಟೆ ಅಂದರೆ ಬರೀ ಗೋಡೆಯ ಬಾಡಿಗೆ. ವಾರ್ಮ್‌ಮೀಟೆ ಅಂದರೆ ಹೀಟರು, ನೀರು ಸೇರಿದ ಬಾಡಿಗೆ. ಕರೆಂಟು, ಇಂಟರ್‌ನೆಟ್ ಇದರಲ್ಲಿ ಇದೆಯಾ ಅಂತ ಬೇರೆಯಾಗಿ ಕೇಳಬೇಕು. ಅಡ್ವಾನ್ಸ್ ಬಗ್ಗೆ ನಮ್ಮವರಿಗೆ ಒಂದು ಸಮಾಧಾನ ಇದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿ ನಡೆಯುವುದಿಲ್ಲ. ಕಾಲ್ಟ್‌ಮೀಟೆಯ ಮೂರು ಪಟ್ಟಿಗಿಂತ ಹೆಚ್ಚು ಕೇಳಲು ಕಾನೂನು ಬಿಡುವುದಿಲ್ಲ.

ಯಾವ ವಾರ ಇಳಿಯುತ್ತೀರಿ? ಅಜ್ಜಿ ರಾಹುಕಾಲ ನೋಡಲಿ, ತೊಂದರೆಯಿಲ್ಲ. ನೀವು ಇಳಿಯುವ ವಾರ ನೋಡಿಕೊಳ್ಳಿ. ಶನಿವಾರ ರಾತ್ರಿ ಇಳಿದರೆ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದ ಅಂಗಡಿ ಬಿಟ್ಟರೆ ಹಾಲೂ ಸಿಗದು. ಅಕ್ಟೋಬರ್ 3 ರಾಷ್ಟ್ರೀಯ ರಜೆ, ಅವತ್ತೂ ಹೀಗೇ. ಸೋಮವಾರ, ಮಂಗಳವಾರ ಇಳಿಯುವುದು ಒಳ್ಳೆಯದು. ಮಂಗಳವಾರ ಬೇಡ ಅಂತ ಅಜ್ಜಿ ಹಟ ಹಿಡಿದರೆ ಬುಧವಾರ.

## ಹಂತ 2: ಸೂಟ್‌ಕೇಸ್

ಬಟ್ಟೆ ಬಗ್ಗೆ ಹೇಳುವುದೇನೂ ಇಲ್ಲ. ದಪ್ಪ ಜಾಕೆಟ್ ಅಲ್ಲೇ ಕೊಳ್ಳಿ, ಇಲ್ಲಿಯ ಜಾಕೆಟ್ ಅಲ್ಲಿಯ ಜನವರಿಗೆ ಸಾಲದು.

ತಿಂಡಿ ವಿಷಯಕ್ಕೆ ಬರೋಣ. ತುಪ್ಪ, ಹಾಲಿನ ಪುಡಿ, ಪನೀರ್, ಯಾವ ಹಾಲಿನ ಪದಾರ್ಥವನ್ನೂ ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ಪ್ರಯಾಣಿಕರು ತರುವಂತಿಲ್ಲ. ಮಾಂಸದ್ದೂ ಅಷ್ಟೇ. ಅಮ್ಮ ಕಾಯಿಸಿದ ತುಪ್ಪದ ಡಬ್ಬಿ ಕಸ್ಟಮ್ಸ್‌ನವರ ಕಸದ ಬುಟ್ಟಿ ಸೇರಿದ್ದನ್ನು ನೋಡಿ ಅತ್ತವರು ನನಗೆ ಗೊತ್ತು. ಹಸಿ ಕರಿಬೇವು, ತರಕಾರಿ, ಬೀಜಗಳಿಗೆ ಗಿಡ ರೋಗ ಇಲ್ಲ ಅನ್ನುವ ಸರ್ಕಾರಿ ಪ್ರಮಾಣಪತ್ರ ಬೇಕು. ಕರಿಬೇವನ್ನು ಹುರಿದು ಪುಡಿಗೆ ಸೇರಿಸಿಬಿಡಿ.

ಇಡೀ ಕೊಬ್ಬರಿ ಗಿಟುಕು ಬೇಡ. ಅದು ಬೇಗ ಬೆಂಕಿ ಹಿಡಿಯುವ ವಸ್ತುಗಳ ಪಟ್ಟಿಯಲ್ಲಿದೆ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಸೂಟ್‌ಕೇಸ್ ಬಿಚ್ಚಿಸುತ್ತಾರೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸೂಟ್‌ಕೇಸಿನಲ್ಲಿ ಇಡುವಂತಿಲ್ಲ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಎಣ್ಣೆ ಅಂದರೆ ಅವರ ಲೆಕ್ಕದಲ್ಲಿ ದ್ರವ. ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ, ರವೆ, ಇವು ಹಾಯಾಗಿ ಹೋಗುತ್ತವೆ. ಒಂದೊಂದಕ್ಕೂ ಚೀಟಿ ಅಂಟಿಸಿ. ಚೀಟಿಯಿಲ್ಲದ ಕಂದು ಪುಡಿ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ?

ಕುಕ್ಕರ್ ತಗೊಂಡು ಹೋಗುವವರು ಫ್ರಿಜ್ ಬಾಗಿಲಿನ ಅಯಸ್ಕಾಂತವನ್ನು ಅದರ ತಳಕ್ಕೆ ಹಿಡಿದು ನೋಡಿ. ಅಂಟಿದರೆ ಇಂಡಕ್ಷನ್ ಒಲೆಗೆ ಆಗುತ್ತದೆ. ಸಾದಾ ಅಲ್ಯೂಮಿನಿಯಂ ಕುಕ್ಕರ್‌ಗೆ ಅಂಟುವುದಿಲ್ಲ, ಇಂಡಕ್ಷನ್ ಮೇಲೆ ಅದು ಬಿಸಿಯೇ ಆಗದು. ವೋಲ್ಟೇಜ್ ನಮ್ಮಷ್ಟೇ, 230. ಆದರೆ ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿಯ ಗೋಡೆಗೆ ಕೂರುವುದಿಲ್ಲ. ಅಡಾಪ್ಟರ್ ಎರಡು ಇರಲಿ.

ದುಡ್ಡು: ಫಾರೆಕ್ಸ್ ಕಾರ್ಡಿನಲ್ಲಿ (ಇಲ್ಲೇ ಯೂರೊ ತುಂಬಿಸಿಕೊಂಡು ಹೋಗುವ ಕಾರ್ಡು) ಎರಡು ತಿಂಗಳ ಖರ್ಚು, ಕೈಯಲ್ಲಿ 300ರಿಂದ 400 ಯೂರೊ ಚಿಲ್ಲರೆ ನೋಟು. ಎರಡು ತಿಂಗಳದ್ದು ಯಾಕೆ ಅಂತ ಹಂತ 5ರಲ್ಲಿ ಗೊತ್ತಾಗುತ್ತದೆ.

## ಹಂತ 3: ಇಳಿದ ದಿನ

ಇಮಿಗ್ರೇಶನ್‌ನಲ್ಲಿ ಕೇಳುವುದು ಎರಡೋ ಮೂರೋ ಪ್ರಶ್ನೆ. ಯಾಕೆ ಬಂದಿರಿ, ಎಲ್ಲಿ ಓದುತ್ತೀರಿ, ಎಲ್ಲಿ ಇರುತ್ತೀರಿ. ಪ್ರವೇಶ ಪತ್ರ ಮೇಲೆ ಇಟ್ಟುಕೊಂಡಿರಿ. ಕೇಳದೆ ಕಥೆ ಹೇಳಬೇಡಿ.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ರೈಲಿನಲ್ಲಿ ಬೇರೆ ಊರಿಗೆ ಹೋಗುವವರು ಹೆಚ್ಚು. ಅವರು ಮಾಡುವ ತಪ್ಪು, ಸೋವಿ ಅಂತ ಮೊದಲೇ ಕೊಂಡ ಟಿಕೆಟ್. ಅದು ಆ ಒಂದು ರೈಲಿಗೆ ಮಾತ್ರ. ವಿಮಾನ ತಡವಾಯಿತು, ಇಮಿಗ್ರೇಶನ್ ಸಾಲು ಉದ್ದವಿತ್ತು ಅಂದರೆ ಟಿಕೆಟ್ ಹೋದಂತೆ. ಯಾವ ರೈಲಿಗಾದರೂ ಹತ್ತಬಹುದಾದ ಟಿಕೆಟ್ ಸ್ವಲ್ಪ ದುಬಾರಿ. ಆವತ್ತೊಂದು ದಿನ ಅದನ್ನೇ ಕೊಳ್ಳಿ.

ಅಲ್ಲಿಯ ಮೆಟ್ರೊಗೆ ನಮ್ಮ ಮೆಟ್ರೊ ಥರ ಗೇಟು ಇರುವುದಿಲ್ಲ. ಯಾರೂ ತಡೆಯಲಿಲ್ಲ ಅಂತ ಹತ್ತಿಬಿಡುತ್ತೇವೆ. ಟಿಕೆಟ್ ಇಲ್ಲದೆ ಸಿಕ್ಕರೆ ದಂಡ 60 ಯೂರೊ. ಕೆಲವು ಊರುಗಳಲ್ಲಿ ಕೊಂಡ ಟಿಕೆಟ್ಟಿಗೆ ನಿಲ್ದಾಣದ ಪುಟ್ಟ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಒತ್ತಿಸದ ಟಿಕೆಟ್ ಇದ್ದರೂ ಇಲ್ಲದ ಹಾಗೇ. "ಹೊಸಬಳು, ಗೊತ್ತಿರಲಿಲ್ಲ" ಅಂದರೆ ನಗುಮುಖದಿಂದಲೇ ರಸೀದಿ ಹರಿದುಕೊಡುತ್ತಾರೆ.

ಮನೆ ತಲುಪಿದ ಮೇಲೆ, ಮಲಗುವ ಮುಂಚೆ, ಫೋನಿನಲ್ಲಿ ಇಡೀ ರೂಮಿನ ವಿಡಿಯೊ ಮಾಡಿ. ಗೋಡೆಯ ಗೀರು, ಬಾಗಿಲ ಮುರುಕು, ಬೇಸಿನ್ನಿನ ಬಿರುಕು. ಓನರ್‌ಗೆ ಅವತ್ತೇ ಕಳಿಸಿ. ಅಡ್ವಾನ್ಸ್ ವಾಪಸ್ ಕೇಳುವ ದಿನ ಇದೇ ನಿಮ್ಮ ಸಾಕ್ಷಿ.

## ಹಂತ 4: ಅಂಚೆಪೆಟ್ಟಿಗೆ, ಬೀಗ, ಸಿಮ್ (ಮೊದಲ ಮೂರು ದಿನ)

ಮೊದಲು ಅಂಚೆಪೆಟ್ಟಿಗೆ. ನನಗೆ ಬರುವ ಫೋನುಗಳಲ್ಲಿ ಅರ್ಧ ಇದರದ್ದೇ.

ಕಳೆದ ವರ್ಷ ವಿಜಯನಗರದ ಒಬ್ಬ ಹುಡುಗ. ಬಂದು ಐದು ವಾರ, ಬ್ಯಾಂಕ್ ಕಾರ್ಡಿಲ್ಲ, ವಿಮೆ ಕಾರ್ಡಿಲ್ಲ. ಕಂಡಕಂಡವರಿಗೆಲ್ಲ ಇಮೇಲ್ ಬರೆದು ಸುಸ್ತಾಗಿದ್ದ. ನಾನು ವಿಡಿಯೊ ಕಾಲ್ ಮಾಡಿಸಿ, "ಕೆಳಗೆ ಹೋಗಿ ನಿನ್ನ ಅಂಚೆಪೆಟ್ಟಿಗೆ ತೋರ್ಸಪ್ಪ" ಅಂದೆ. ತೋರಿಸಿದ. ಬೂದು ಬಣ್ಣದ ತಗಡಿನ ಪೆಟ್ಟಿಗೆಗಳ ಸಾಲು, ಅವನ ಪೆಟ್ಟಿಗೆಯ ಮೇಲೆ ಹಿಂದಿನ ಬಾಡಿಗೆದಾರನ ಹೆಸರು. ಅಲ್ಲಿಯ ಪೋಸ್ಟ್‌ಮ್ಯಾನ್ ಮನೆ ನಂಬರ್ ನೋಡಿ ಕಾಗದ ಹಾಕುವುದಿಲ್ಲ. ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಹಾಕುತ್ತಾನೆ. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ವಾಪಸ್. ಹುಡುಗ ನೋಟ್‌ಬುಕ್ಕಿನ ಹಾಳೆ ಹರಿದು, ಹೆಸರು ಬರೆದು, ಸೆಲ್ಲೊಟೇಪ್ ಅಂಟಿಸಿದ. ಮುಂದಿನ ವಾರದಿಂದ ಕಾಗದ ಬರತೊಡಗಿತು.

ಹೆಸರು ಪಾಸ್‌ಪೋರ್ಟಿನ ಥರವೇ ಇರಲಿ, ಬಾಗಿಲ ಬೆಲ್ಲಿನ ಮೇಲೂ ಇರಲಿ. ಬೇರೆಯವರ ಮನೆಯಲ್ಲಿ ಒಂದು ರೂಮು ಮಾತ್ರ ನಿಮ್ಮದಾದರೆ, ಅವರನ್ನು ಕೇಳಿ ಅವರ ಹೆಸರಿನ ಕೆಳಗೆ ನಿಮ್ಮದು ಸೇರಿಸಿ.

ಎರಡನೆಯದು ಬೀಗ. ಅಲ್ಲಿಯ ಬಾಗಿಲಿಗೆ ಹೊರಗೆ ಹಿಡಿ ಇರುವುದಿಲ್ಲ, ಬರೀ ಗುಂಡಿ. ಬಾಗಿಲು ಎಳೆದುಕೊಂಡರೆ ಮುಗಿಯಿತು, ಬೀಗದ ಕೈ ಇಲ್ಲದೆ ತೆರೆಯದು. ಕಸ ಹಾಕಿ ಬರುತ್ತೇನೆ ಅಂತ ಚಪ್ಪಲಿಯಲ್ಲೇ ಹೊರಬಿದ್ದು, ಚಳಿಯಲ್ಲಿ ಮೆಟ್ಟಿಲ ಮೇಲೆ ಕೂತವರಲ್ಲಿ ನಾನೂ ಒಬ್ಬಳು. ಬೀಗ ತೆಗೆಯುವವರನ್ನು ಕರೆಸಿದರೆ, ಅದರಲ್ಲೂ ರಾತ್ರಿ ಅಥವಾ ಭಾನುವಾರ, ನೂರಾರು ಯೂರೊ ಕೀಳುವವರಿದ್ದಾರೆ. ಫೋನಿನಲ್ಲೇ ಒಟ್ಟು ಎಷ್ಟು ಅಂತ ಕೇಳಿ, ಒಪ್ಪಿದ ಮೇಲೆ ಕರೆಸಿ. ಇನ್ನೊಂದು ಬೀಗದ ಕೈ ನಂಬುವ ಗೆಳತಿ ಹತ್ತಿರ ಇರಲಿ. ಬೀಗದ ಕೈ ಕಳೆದುಕೊಂಡರಂತೂ ಇನ್ನೂ ಕಷ್ಟ. ಕೆಲವು ಕಟ್ಟಡಗಳಲ್ಲಿ ಎಲ್ಲ ಬಾಗಿಲಿಗೂ ಹೊಂದುವ ಒಂದೇ ವ್ಯವಸ್ಥೆ ಇರುತ್ತದೆ, ಇಡೀ ಕಟ್ಟಡದ ಬೀಗ ಬದಲಿಸಿದ ಖರ್ಚು ನಿಮ್ಮ ತಲೆಗೆ ಬರಬಹುದು.

ಮೂರನೆಯದು ಸಿಮ್. ವಿಮಾನ ನಿಲ್ದಾಣದಲ್ಲಿ ಬೇಡ. ಆಲ್ಡಿ, ಲಿಡ್ಲ್ ಥರದ ದಿನಸಿ ಅಂಗಡಿಗಳಲ್ಲೇ ಪ್ರೀಪೇಯ್ಡ್ ಸಿಮ್ ಸಿಗುತ್ತದೆ. ಚಾಲೂ ಮಾಡಲು ವಿಡಿಯೊ ಕಾಲಿನಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ವಿಡಿಯೊದಲ್ಲಿ ಆಗದಿದ್ದರೆ ಅಂಚೆ ಕಚೇರಿಗೆ ಹೋಗಿ ಗುರುತು ದೃಢೀಕರಿಸುವ ದಾರಿ ಇದೆ. 24 ತಿಂಗಳ ಕರಾರಿನ ಸಿಮ್‌ಗೆ ಸಹಿ ಹಾಕಬೇಡಿ. ನಡುವೆ ಬಿಡಲು ಬರುವುದಿಲ್ಲ.

## ಹಂತ 5: ವಿಳಾಸ ನೋಂದಣಿ, ಆಮೇಲೆ ಬ್ಯಾಂಕ್

ಮನೆಗೆ ಹೋದ ಎರಡು ವಾರದೊಳಗೆ ನೋಂದಣಿ ಆಗಬೇಕು ಅನ್ನೋದು ಕಾನೂನು. ದೊಡ್ಡ ಊರುಗಳಲ್ಲಿ ಎರಡು ವಾರದೊಳಗೆ ಟರ್ಮೀನ್ ಸಿಗುವುದೇ ಕಷ್ಟ. ಟರ್ಮೀನ್ ಅಂದರೆ ಮೊದಲೇ ಗೊತ್ತು ಮಾಡಿಕೊಂಡ ಸಮಯ. ಅಲ್ಲಿ ಟರ್ಮೀನ್ ಇಲ್ಲದೆ ಎಲೆಯೂ ಅಲ್ಲಾಡದು. ಆದ್ದರಿಂದ ಕರಾರು ಪಕ್ಕಾ ಆದ ದಿನವೇ, ಬೆಂಗಳೂರಿನಲ್ಲಿ ಕೂತೇ ಟರ್ಮೀನ್ ಹಾಕಿಕೊಳ್ಳಿ. ಸಿಗದಿದ್ದರೆ ದಿನಾ ಬೆಳಿಗ್ಗೆ ನಗರದ ವೆಬ್‌ಸೈಟ್ ನೋಡಿ. ರದ್ದಾದ ಸಮಯಗಳು ಆಗ ಕಾಣಿಸಿಕೊಳ್ಳುತ್ತವೆ. ಪ್ರಯತ್ನಿಸಿದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ತಡವಾಗಿದ್ದು ಯಾಕೆ ಅಂತ ಕೇಳಿದರೆ ತೋರಿಸಲು ಬೇಕು.

ಟರ್ಮೀನಿಗೆ ಬೇಕಾದ್ದು ಮೂರು: ಪಾಸ್‌ಪೋರ್ಟ್, ತುಂಬಿದ ಅರ್ಜಿ, ಓನರ್ ಸಹಿ ಹಾಕಿದ ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. ಹೆಸರು ನಮ್ಮ ರೈಲು ನಿಲ್ದಾಣದ ಬೋರ್ಡಿನಷ್ಟು ಉದ್ದ ಇದೆ, ಹೇಳುವುದು ಒಂದೇ ಮಾತು: "ಇವರು ಇಂಥ ದಿನದಿಂದ ನಮ್ಮ ಮನೆಯಲ್ಲಿ ಇದ್ದಾರೆ." ಬಾಡಿಗೆ ಕರಾರು ಇದ್ದರೆ ಸಾಕು ಅಂದುಕೊಂಡು ಹೋಗಿ ವಾಪಸ್ ಬಂದವರು ಬಹಳ. ಕರಾರು ಬೇರೆ, ಇದು ಬೇರೆ. ಬೀಗದ ಕೈ ತೆಗೆದುಕೊಳ್ಳುವ ದಿನವೇ ಸಹಿ ಹಾಕಿಸಿಕೊಳ್ಳಿ. ಆಮೇಲೆ ಓನರ್ ರಜೆಗೆ ಹೋಗಿರುತ್ತಾರೆ.

ಅರ್ಜಿಯಲ್ಲಿ ಧರ್ಮದ ಬಗ್ಗೆ ಒಂದು ಕಾಲಂ ಇದೆ. ಸುಮ್ನೆ ಕೇಳುತ್ತಾರೆ ಅಂದುಕೊಳ್ಳಬೇಡಿ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟಂಟ್ ಅಂತ ಬರೆದರೆ, ಮುಂದೆ ಸಂಬಳ ಬಂದು ಆದಾಯ ತೆರಿಗೆ ಕಟ್ಟುವಾಗ ಅದರ ಮೇಲೆ 8 ಅಥವಾ 9 ಶೇಕಡಾ ಚರ್ಚ್ ತೆರಿಗೆ ಸೇರುತ್ತದೆ. ಬರೆಯಬೇಕೋ ಬೇಡವೋ ನಿಮ್ಮ ಇಷ್ಟ, ತಿಳಿದು ಬರೆಯಿರಿ.

ನೋಂದಣಿಯ ಕಾಗದ ಕೈಗೆ ಬಂದ ಕೂಡಲೇ ಹತ್ತು ಸಲ ಹೆಸರು ಓದಿ, ತಪ್ಪಿದ್ದರೆ ಆ ಮೇಜಿನ ಮುಂದೆಯೇ ತಿದ್ದಿಸಿ. ಇಲ್ಲಿ ತಪ್ಪಾದ ಅಕ್ಷರ ಮುಂದಿನ ಎಲ್ಲ ಕಾಗದಕ್ಕೂ ಹಬ್ಬುತ್ತದೆ. ಎರಡು ಮೂರು ವಾರದಲ್ಲಿ ತೆರಿಗೆ ನಂಬರು ಅಂಚೆಯಲ್ಲಿ ತಾನಾಗಿ ಬರುತ್ತದೆ. ಪಾರ್ಟ್ ಟೈಮ್ ಕೆಲಸಕ್ಕೆ ಅದು ಬೇಕು, ಎಸೆಯಬೇಡಿ.

ಈಗ ಬ್ಯಾಂಕ್. ಬ್ಲಾಕ್ಡ್ ಅಕೌಂಟಿನಲ್ಲಿ ನೀವು ಹಾಕಿದ ದುಡ್ಡು, 2024ರ ಸೆಪ್ಟೆಂಬರ್‌ನಿಂದಿರುವ ಲೆಕ್ಕದಂತೆ ವರ್ಷಕ್ಕೆ 11,904 ಯೂರೊ, ತಿಂಗಳಿಗೆ 992ರಂತೆ ಬಿಡುಗಡೆಯಾಗುತ್ತದೆ. ಬಿಡುಗಡೆಯಾಗಿ ಎಲ್ಲಿಗೆ ಬರಬೇಕು? ನಿಮ್ಮದೇ ಹೆಸರಿನ ಒಂದು ಸಾದಾ ಖಾತೆಗೆ. ಆ ಖಾತೆ ತೆರೆಯಲು ಬಹಳಷ್ಟು ಬ್ಯಾಂಕುಗಳು ನೋಂದಣಿ ಕಾಗದ ಕೇಳುತ್ತವೆ. ಖಾತೆ ತೆರೆದ ಮೇಲೆ ಕಾರ್ಡು ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದು ಲಕೋಟೆಯಲ್ಲಿ, ಬೇರೆ ಬೇರೆ ದಿನ ಬರುತ್ತವೆ. ಆಮೇಲೆ ಖಾತೆಯ ನಂಬರನ್ನು ಬ್ಲಾಕ್ಡ್ ಅಕೌಂಟಿನವರಿಗೆ ಕೊಟ್ಟು, ಅವರು ಪರಿಶೀಲಿಸಿ, ಮೊದಲ ಕಂತು ಬರಬೇಕು. ಎಲ್ಲ ಸರಿಯಾಗಿ ನಡೆದರೂ ನಾಲ್ಕು ವಾರ ಹಿಡಿಯಬಹುದು. ಒಂದು ಕಡೆ ತಡವಾದರೆ ಏಳೆಂಟು ವಾರ. ಎರಡು ತಿಂಗಳ ಖರ್ಚು ಕಾರ್ಡಿನಲ್ಲಿ ಇರಲಿ ಅಂದದ್ದು ಇದಕ್ಕೇ. ಮೊದಲ ತಿಂಗಳ ಬಾಡಿಗೆ, ಅಡ್ವಾನ್ಸ್ ಎರಡೂ ಆ ಹೊತ್ತಿಗೆ ಕೊಟ್ಟಾಗಿರುತ್ತದೆ.

## ಹಂತ 6: ವಿಮೆ ಮತ್ತು ಕಾಲೇಜು ದಾಖಲಾತಿ

30 ವರ್ಷದೊಳಗಿನವರು ಸರ್ಕಾರಿ ಪದ್ಧತಿಯ ಆರೋಗ್ಯ ವಿಮೆಗೆ ಸೇರಬಹುದು. ವಿದ್ಯಾರ್ಥಿಗಳಿಗೆ ತಿಂಗಳಿಗೆ 150 ಯೂರೊ ಆಸುಪಾಸು. ಇದಕ್ಕಿಂತ ಸೋವಿ ಅಂತ ಏಜೆಂಟರು ಖಾಸಗಿ ವಿಮೆ ತೋರಿಸುತ್ತಾರೆ. ಅದನ್ನು ಒಮ್ಮೆ ಆರಿಸಿ ಸರ್ಕಾರಿ ವಿಮೆ ಬೇಡ ಅಂತ ಬರೆದುಕೊಟ್ಟರೆ, ಆ ಓದು ಮುಗಿಯುವವರೆಗೆ ಸಾಮಾನ್ಯವಾಗಿ ವಾಪಸ್ ಬರಲು ಆಗುವುದಿಲ್ಲ. 30 ದಾಟಿದವರ ದಾರಿ ಬೇರೆ, ಅವರು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಿಯೇ ಕೊಳ್ಳಲಿ.

ಇಲ್ಲಿ ಎಡವುವ ಜಾಗ ಇನ್ನೊಂದಿದೆ. ವಿದ್ಯಾರ್ಥಿ ವಿಮೆ ಶುರುವಾಗುವುದು ಸೆಮಿಸ್ಟರ್ ಶುರುವಾದ ಮೇಲೆ, ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಅಕ್ಟೋಬರ್ 1. ನೀವು ಸೆಪ್ಟೆಂಬರ್ 10ಕ್ಕೆ ಇಳಿದರೆ ನಡುವಿನ ಮೂರು ವಾರಕ್ಕೆ ಪ್ರಯಾಣ ವಿಮೆ ಬೇಕು. ಅದರ ಕೊನೆಯ ತಾರೀಖು ನೋಡಿಕೊಂಡು ಬೆಂಗಳೂರಿನಲ್ಲೇ ಕೊಳ್ಳಿ.

ನೀವು ವಿಮೆ ಮಾಡಿಸಿದ್ದೀರಿ ಅನ್ನುವ ಸುದ್ದಿಯನ್ನು ವಿಮೆಯವರೇ ಕಾಲೇಜಿಗೆ ಕಂಪ್ಯೂಟರಿನಲ್ಲಿ ಕಳಿಸಬೇಕು. ನೀವು ಕಾಗದ ತೋರಿಸಿದರೆ ಸಾಲದು. ದಾಖಲಾತಿ "ಬಾಕಿ" ಅಂತಲೇ ತೋರಿಸುತ್ತಿದ್ದರೆ ಮೊದಲು ಕೇಳಬೇಕಾದ್ದು ಇದನ್ನೇ.

ದಾಖಲಾತಿ ಆದಮೇಲೆ ಬಸ್ಸು, ರೈಲಿನ ಪಾಸು. ದೇಶದ ಎಲ್ಲ ನಗರ ಬಸ್ಸು, ಮೆಟ್ರೊ, ಪ್ರಾದೇಶಿಕ ರೈಲಿಗೆ ಆಗುವ ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ಐಸಿಇ ಥರದ ವೇಗದ ರೈಲಿಗೆ ಆಗದು. ಕೊಳ್ಳುವ ಮುಂಚೆ ನಿಮ್ಮ ಸೆಮಿಸ್ಟರ್ ಶುಲ್ಕದಲ್ಲೇ ಪಾಸು ಸೇರಿದೆಯಾ ನೋಡಿ. ಎರಡೂ ಕಡೆ ದುಡ್ಡು ಕಟ್ಟಿದವರಿದ್ದಾರೆ. ಅದು ತಿಂಗಳು ತಿಂಗಳು ತಾನಾಗಿ ಮುಂದುವರಿಯುವ ಪಾಸು. ಬೇಡದಿದ್ದರೆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು.

## ಹಂತ 7: ವಾಸದ ಪರವಾನಗಿ

ಪಾಸ್‌ಪೋರ್ಟಿನಲ್ಲಿರುವ ವೀಸಾ ಕೆಲವೇ ತಿಂಗಳದ್ದು. ಅದು ಮುಗಿಯುವ ಮುಂಚೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ನೋಂದಣಿ, ವಿಮೆ, ದಾಖಲಾತಿ, ಬ್ಯಾಂಕು ಇವೆಲ್ಲದರ ಕಾಗದ ಇದಕ್ಕೆ ಬೇಕು. ಅದಕ್ಕೇ ಇದು ಕೊನೆಗೆ. ಆದರೆ ಟರ್ಮೀನ್ ಮಾತ್ರ ಮೊದಲ ವಾರವೇ ಕೇಳಿಡಿ, ಕೆಲವು ಊರುಗಳಲ್ಲಿ ತಿಂಗಳುಗಟ್ಟಲೆ ಸಾಲು.

ಡಿಸೆಂಬರ್‌ನಲ್ಲಿ ಅಕ್ಕನ ಮದುವೆಗೆ ಅಂತ ಊರಿಗೆ ಬರುವವರು ಎಚ್ಚರ. ಪರವಾನಗಿ ಕಾರ್ಡು ಕೈಗೆ ಬರುವ ಮುಂಚೆ ವೀಸಾ ಮುಗಿದರೆ ವಾಪಸ್ ಹೋಗುವುದು ತೊಡಕು. ಕಚೇರಿಯವರು ಕೊಡುವ ತಾತ್ಕಾಲಿಕ ಕಾಗದದಲ್ಲಿ ದೇಶ ಬಿಟ್ಟು ಮರಳಬಹುದಾ ಅಂತ ಕೇಳಿ, ಇಮೇಲ್‌ನಲ್ಲಿ ಉತ್ತರ ಪಡೆದೇ ಟಿಕೆಟ್ ಕೊಳ್ಳಿ.

## ಹಂತ 8: ಅಡುಗೆ ಮತ್ತು ಅಕ್ಕಪಕ್ಕ

ರೂಮಿನ ಸೂರಿನಲ್ಲಿ ಬಿಳಿ ಬಿಲ್ಲೆಯಂಥದ್ದು ಒಂದಿರುತ್ತದೆ. ಅದು ಹೊಗೆ ಕಂಡರೆ ಕೂಗುವ ಅಲಾರಂ. ಒಣಮೆಣಸಿನಕಾಯಿ ಒಗ್ಗರಣೆ ಅದಕ್ಕೆ ಆಗಿಬರುವುದಿಲ್ಲ. ಹಾಸ್ಟೆಲುಗಳಲ್ಲಿ ಅದು ನೇರವಾಗಿ ಅಗ್ನಿಶಾಮಕ ದಳಕ್ಕೆ ಜೋಡಣೆಯಾಗಿದ್ದರೆ, ಅವರು ಬಂದು ಹೋದ ಖರ್ಚು ನಿಮ್ಮ ಮೇಲೆ ಬೀಳಬಹುದು. ಕಿಟಕಿ ತೆರೆದು, ಅಡುಗೆಮನೆ ಬಾಗಿಲು ಹಾಕಿ, ಸಣ್ಣ ಉರಿಯಲ್ಲಿ ಒಗ್ಗರಣೆ ಹಾಕಿ. ಅಲಾರಂಗೆ ಪ್ಲಾಸ್ಟಿಕ್ ಕವರ್ ಕಟ್ಟುವ ಬುದ್ಧಿವಂತಿಕೆ ಬೇಡ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರು ಮತ್ತು ಇಡೀ ಭಾನುವಾರ ಸದ್ದು ಮಾಡುವಂತಿಲ್ಲ. ಭಾನುವಾರ ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದರೆ ಕೆಳಗಿನ ಮನೆಯವರು ಬಾಗಿಲು ಬಡಿಯಬಹುದು. ಶನಿವಾರವೇ ರುಬ್ಬಿಡಿ. ಚಳಿಗಾಲದಲ್ಲೂ ದಿನಕ್ಕೆ ಎರಡು ಸಲ ಕಿಟಕಿ ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿ ಬಿಡಿ. ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ.

ನಲ್ಲಿ ನೀರು ಕುಡಿಯಬಹುದು. ಬಾಟಲಿ ಕೊಂಡರೆ ಎಸೆಯಬೇಡಿ, ಬಹಳಷ್ಟು ಪ್ಲಾಸ್ಟಿಕ್ ಬಾಟಲಿ, ಕ್ಯಾನುಗಳ ಬೆಲೆಯಲ್ಲಿ 25 ಸೆಂಟ್ ಠೇವಣಿ ಸೇರಿರುತ್ತದೆ. ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್.

ಜ್ವರ ಬಂದರೆ ನಮ್ಮ ಹಾಗೆ ಮೆಡಿಕಲ್ ಶಾಪಿಗೆ ಹೋಗಿ ಆ್ಯಂಟಿಬಯೋಟಿಕ್ ಕೇಳಲಾಗದು, ಡಾಕ್ಟರ ಚೀಟಿ ಬೇಕು. ಪ್ಯಾರಾಸಿಟಮಾಲ್ ಕೂಡ ದಿನಸಿ ಅಂಗಡಿಯಲ್ಲಿ ಇಲ್ಲ, ಔಷಧಿ ಅಂಗಡಿಯಲ್ಲೇ. ಜೀವಕ್ಕೆ ಅಪಾಯ ಅನ್ನಿಸಿದರೆ 112. ರಾತ್ರಿ ಹೊತ್ತು ಅಷ್ಟೇನೂ ಗಂಭೀರವಲ್ಲ, ಆದರೆ ಡಾಕ್ಟರ್ ಬೇಕು ಅಂದರೆ 116117. ಪೊಲೀಸರಿಗೆ 110.

## ಇವು ಕಂಡರೆ ಅಲ್ಲೇ ನಿಲ್ಲಿ

ಓನರ್ "ನಾನು ವಿದೇಶದಲ್ಲಿದ್ದೇನೆ, ದುಡ್ಡು ಹಾಕಿ, ಬೀಗದ ಕೈ ಕೊರಿಯರ್‌ನಲ್ಲಿ ಕಳಿಸುತ್ತೇನೆ" ಅಂದರೆ ಅದು ಮೋಸ. ಪಾಸ್‌ಪೋರ್ಟ್ ಪ್ರತಿ ಮೊದಲೇ ಕಳಿಸಿ ಅಂದರೂ ಅನುಮಾನಿಸಿ. ವಿಡಿಯೊದಲ್ಲಿ ಮನೆ ತೋರಿಸಲು ಒಪ್ಪದವರಿಗೆ ಒಂದು ಸೆಂಟೂ ಕೊಡಬೇಡಿ.

"ನಿಮ್ಮ ವೀಸಾದಲ್ಲಿ ತೊಂದರೆ ಇದೆ, ಈಗಲೇ ದಂಡ ಕಟ್ಟಿ" ಅಂತ ಫೋನ್ ಬಂದರೆ ಇಟ್ಟುಬಿಡಿ. ಅಲ್ಲಿಯ ಸರ್ಕಾರಿ ಕಚೇರಿಗಳು ದುಡ್ಡಿನ ವಿಷಯವನ್ನು ಫೋನಿನಲ್ಲಿ ಮಾತಾಡುವುದಿಲ್ಲ, ಕಾಗದ ಬರೆಯುತ್ತವೆ.

ಹಾಗಂತ ಬಂದ ಕಾಗದವನ್ನೆಲ್ಲ ಮೋಸ ಅಂತ ಎಸೆಯಬೇಡಿ. ನೋಂದಣಿಯಾಗಿ ಕೆಲವು ವಾರಕ್ಕೆ ರೇಡಿಯೊ, ಟಿವಿ ಶುಲ್ಕ ಕಟ್ಟಿ ಅಂತ ಒಂದು ಪತ್ರ ಬರುತ್ತದೆ, ತಿಂಗಳಿಗೆ 18.36 ಯೂರೊ. "ನನ್ನ ಹತ್ತಿರ ಟಿವಿನೇ ಇಲ್ಲ" ಅಂದರೆ ನಡೆಯದು. ಅದು ಮನೆಗೊಂದು ಶುಲ್ಕ. ಜೊತೆಯವರು ಆಗಲೇ ಕಟ್ಟುತ್ತಿದ್ದರೆ ಅವರ ನಂಬರ್ ಬರೆದು ಉತ್ತರಿಸಿ.

ಜರ್ಮನ್‌ನಲ್ಲಿ ಸಮಯ ಹೇಳಿದಾಗ "ಹಾಲ್ಪ್ ಡ್ರೈ" ಅಂದರೆ ಎರಡೂವರೆ, ಮೂರೂವರೆ ಅಲ್ಲ. "ಮೂರಕ್ಕೆ ಅರ್ಧ ಬಾಕಿ" ಅಂತ ಅವರ ಲೆಕ್ಕ. ಇದೊಂದು ಮಾತಿನಿಂದ ಟರ್ಮೀನ್ ತಪ್ಪಿಸಿಕೊಂಡ ಕನ್ನಡಿಗರನ್ನು ಎಣಿಸುವುದನ್ನೇ ನಾನು ಬಿಟ್ಟಿದ್ದೇನೆ. ಬರೆದು ತೋರಿಸಿ ಅಂತ ಕೇಳಿ.

ಇನ್ನೊಂದು ಗಡಿಯಾರದ ವಿಷಯ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮೂರೂವರೆ ಗಂಟೆಯ ಅಂತರ ನಾಲ್ಕೂವರೆ ಆಗುತ್ತದೆ. ಅಮ್ಮನಿಗೆ ಇದನ್ನು ಹಿಂದಿನ ದಿನವೇ ಹೇಳಿಡಿ. ಇಲ್ಲದಿದ್ದರೆ ಸೋಮವಾರ ರಾತ್ರಿ ನೀವು ಮಾಡಬೇಕಾದ ಹೊತ್ತಿಗೆ ಫೋನ್ ಬರಲಿಲ್ಲ ಅಂತ ಅವರು ನನಗೆ ಫೋನ್ ಮಾಡುತ್ತಾರೆ.